ಬೀಗದವನ ಕಾವಲು

ಹೆಂಡತಿ ಸ್ನಾನಕ್ಕೆ ಹೋದದ್ದೇ ತಡ, ಬೀಗ ರಿಪೇರಿಯವನು ಅವಳ ಕಂಪ್ಯೂಟರಿನ ಮುಂದೆ ಕುಳಿತ. ‘ಸಂಗಾತಿಯ ಗುಟ್ಟು ನಿಮ್ಮ ಕೈಯಲ್ಲಿ’ ಎಂದು ಬರೆದುಕೊಂಡಿದ್ದ ಪ್ರೋಗ್ರಾಮು ಆಗಲೇ ಅರ್ಧ ಇಳಿದಿತ್ತು. ಅವಳ ನಂಬರ್ ಕೊಟ್ಟರೆ ಸಾಕು, ಮೆಸೇಜುಗಳೆಲ್ಲ ಇಲ್ಲಿ ಕಾಣುತ್ತವಂತೆ. ಪುಕ್ಕಟೆ ಬೇರೆ.

ವೈರಸ್ ತಡೆಯುವ ಸಾಫ್ಟ್‌ವೇರು ಅಡ್ಡ ಬಂತು. ಅಪಾಯ ಎಂದು ಕೆಂಪಕ್ಷರದಲ್ಲಿ ತೋರಿಸಿತು. ಅದನ್ನು ನಿಲ್ಲಿಸಿಬಿಡಿ ಎಂದು ಇಳಿಯುತ್ತಿದ್ದ ಪ್ರೋಗ್ರಾಮೇ ಹೇಳಿಕೊಟ್ಟಿತು. ಅವನು ನಿಲ್ಲಿಸಿದ. ಆ ಕಾವಲಿನ ಸಾಫ್ಟ್‌ವೇರು ಹಾಕಿಟ್ಟಿದ್ದವಳು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಹೆಂಡತಿ. ಯಾರು ಕೊಟ್ಟರೆಂದು ಗೊತ್ತಿಲ್ಲದ್ದನ್ನು ಇಳಿಸಿಕೊಳ್ಳಬೇಡಿ ಎಂದು ಅವನಿಗೂ ಪಾಠ ಮಾಡುತ್ತಿದ್ದಳು. ಗುಟ್ಟು ಇರುವವರೇ ತಾನೇ ಕಾವಲು ಇಡುವುದು?

ಅವನಿಗೂ ಒಂದು ನಿಯಮವಿತ್ತು. ಗುರುತಿಲ್ಲದವರು ಎಷ್ಟು ಗೋಗರೆದರೂ ಕೀಲಿಯ ನಕಲು ಮಾಡಿಕೊಡುತ್ತಿರಲಿಲ್ಲ. ಆದರೆ ಹೊಟ್ಟೆಯಲ್ಲಿ ಕಿಚ್ಚು ಬಿದ್ದವನಿಗೆ ನಿಯಮವೆಲ್ಲಿ ನೆನಪಾದೀತು? ನೆನಪಾಗುತ್ತಿದ್ದುದು ಶಾಲೆಗೆ ಹೊಸದಾಗಿ ಬಂದ ಡ್ರಾಯಿಂಗ್ ಮೇಷ್ಟ್ರು. ಅವನ ಮಾತೆತ್ತಿದರೆ ಹೆಂಡತಿ ನಗುತ್ತಿದ್ದಳು. ಗಂಡನ ಜೋಕಿಗೆ ಅವಳು ನಕ್ಕು ಎಷ್ಟು ಕಾಲವಾಗಿತ್ತೋ.

ಸಂಜೆಗೇ ಹೆಂಡತಿಯ ಮೊದಲ ಮೆಸೇಜು ಸಿಕ್ಕಿತು. ‘ಅವರು ಆಫೀಸಿಗೆ ಹೋದರು. ಬೇಗ ಬಾ.’

ಅವನು ಮತ್ತೆ ಮತ್ತೆ ಓದಿದ. ‘ಬಾ’ ಎಂಬುದಕ್ಕಿಂತ ‘ಆಫೀಸು’ ಹೆಚ್ಚು ಚುಚ್ಚಿತು. ಅವನಿಗೆಲ್ಲಿಯ ಆಫೀಸು? ಇದ್ದದ್ದು ಬಸ್ ನಿಲ್ದಾಣದ ಪಕ್ಕ ತಗಡಿನ ಗೂಡಂಗಡಿ. ಬೀಗದವನ ಹೆಂಡತಿ ಎನ್ನಿಸಿಕೊಳ್ಳಲು ನಾಚಿಕೆಯಾಗಿ ಆ ಮೇಷ್ಟ್ರ ಮುಂದೆ ಸುಳ್ಳು ಹೇಳಿದ್ದಾಳೆ. ಮನೆಯಲ್ಲಿ ಮಾತ್ರ ‘ಕೀಲಿರಾಯ’ ಎಂದು ಮುದ್ದಾಗಿ ಕರೆಯುವ ನಾಟಕ.

ಮೆಸೇಜುಗಳು ದಿನವೂ ಬಂದವು. ಅವಳು ಕಣ್ಣೆದುರು ಮಗಳಿಗೆ ಮಗ್ಗಿ ಹೇಳಿಕೊಡುತ್ತಾ ತರಕಾರಿ ಹೆಚ್ಚುತ್ತಿದ್ದಾಗಲೂ ಒಂದು ಬಂತು. ಯಾವ ಮಾಯದಲ್ಲಿ ಕಳಿಸಿದಳೋ! ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತಿದೆ ಎಂದುಕೊಂಡ.

ಭಾನುವಾರ ಕೇಳಿಯೇಬಿಟ್ಟ. ಅವಳು ಮೊದಲು ನಕ್ಕಳು. ಅವನ ಮುಖ ನೋಡಿದ ಮೇಲೆ ನಗು ನಿಂತಿತು. ಫೋನು ತಂದು ಅವನ ಮುಂದಿಟ್ಟಳು.

“ನೀವೇ ನೋಡಿ. ಒಂದೂ ಬಿಡದೆ ನೋಡಿ.”

“ಎಲ್ಲ ಅಳಿಸಿರ್ತೀಯ. ನಿಂಗೆ ಅದೆಲ್ಲ ಬರಲ್ವಾ?”

ಅವನು ನೋಡಲಿಲ್ಲ. ಫೋನನ್ನು ಸ್ವಿಚ್ ಆಫ್ ಮಾಡಿ, ಅಂಗಡಿಯ ಕಬ್ಬಿಣದ ಪೆಟ್ಟಿಗೆಗೆ ಹಾಕಿ, ತಾನೇ ಮಾಡಿದ ಬೀಗ ಜಡಿದು ಬಂದ. ಅಷ್ಟರಲ್ಲಿ ಹೆಂಡತಿ ಚೀಲಕ್ಕೆ ಬಟ್ಟೆ ತುಂಬಿಕೊಂಡು ಮಗಳ ಕೈ ಹಿಡಿದು ನಿಂತಿದ್ದಳು.

“ಇಷ್ಟು ವರ್ಷ ನನ್ನ ನೋಡಿದೀರಿ. ಈಗ ಯಾರ ಮಾತು ನಂಬಿದ್ರಿ, ಅದೊಂದು ಹೇಳಿ ಸಾಕು.”

ಅವನು ಪೆಟ್ಟಿಗೆಯ ಕೀಲಿಯನ್ನು ಜೇಬಿಗೆ ಹಾಕಿಕೊಂಡ. ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಅವಳು ತವರಿಗೆ ಹೊರಟುಹೋದಳು.

ಮನೆ ಬಣಗುಟ್ಟಿತು. ತಾನು ಮಾಡಿದ್ದೇ ಸರಿ ಎಂದು ಸಮಾಧಾನ ಮಾಡಿಕೊಳ್ಳಲು ಹಳೆಯ ಮೆಸೇಜುಗಳನ್ನು ಓದೋಣವೆಂದು ಕಂಪ್ಯೂಟರ್ ಹಾಕಿದ. ಟಿಣ್ ಎಂದಿತು. ಹೆಂಡತಿಯ ಫೋನಿನಿಂದ ಈಗಷ್ಟೇ ಹೋದ ಮೆಸೇಜು: ‘ಅವರು ಆಫೀಸಿಗೆ ಹೋದರು. ಬೇಗ ಬಾ.’

ಬೀಗದವನು ಜೇಬು ಮುಟ್ಟಿ ನೋಡಿಕೊಂಡ. ಪೆಟ್ಟಿಗೆಯ ಕೀಲಿ ಅಲ್ಲೇ ಇತ್ತು.