ಮಂಗಳವಾರದ ಸೇವೆ

ಪಾಸ್ಟರ ಸ್ಕೂಟರಿನ ಸದ್ದು ಬೀದಿಯ ತಿರುವಿನಲ್ಲಿ ಕೇಳಿಸಿದ್ದೇ ತಡ, ಗಡಿಯಾರ ರಿಪೇರಿಯವನು ಬೈಬಲಿನ ಕೀರ್ತನೆ ಓದುತ್ತಿದ್ದ ದನಿಯನ್ನು ಏರಿಸಿದ. ಕಿಟಕಿ ತೆರೆದೇ ಇತ್ತು. ತೆರೆದಿಟ್ಟವನೂ ಅವನೇ. ಸ್ಕೂಟರು ನಿಲ್ಲದೆ ಮುಂದೆ ಹೋಯಿತು; ದನಿ ತಾನಾಗಿ ಇಳಿಯಿತು.

ದಿಂಬಿಗೊರಗಿದ್ದ ನರ್ಸಮ್ಮ ಕಣ್ಣು ತೆರೆದರು. "ಹೋಯ್ತಾ?"

"ಏನು?"

"ಸ್ಕೂಟರು."

ಅವನಿಗೆ ಕೆನ್ನೆಗೆ ಹೊಡೆದಂತಾಯಿತು. ಓದುತ್ತಿದ್ದ ಸಾಲೇ ತಪ್ಪಿಹೋಯಿತು.

ಅವರ ಚರ್ಚಿನ ಸಭೆಯಲ್ಲೊಂದು ಪದ್ಧತಿ. ಹೊಸ ವರ್ಷದ ಆರಾಧನೆ ಮುಗಿದ ಮೇಲೆ ಪಾಸ್ಟರು ಒಬ್ಬೊಬ್ಬರೂ ಆ ವರ್ಷ ಮಾಡಬೇಕಾದ ಸೇವೆಯನ್ನು ಅವರವರ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದರು. ಯಾರಿಗೆ ಏನು ಎಂದು ಬಾಯಿಬಿಡುವಂತಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಸಭೆಯ ಕಡೆ ತಲೆಯನ್ನೇ ಹಾಕದಿದ್ದ ಗಡಿಯಾರದವನು ಆ ದಿನ ಕೊನೆಯ ಬೆಂಚಿನಲ್ಲಿ ಕೂತಿದ್ದ. "ಮಂಗಳವಾರ ಮಧ್ಯಾಹ್ನ ನರ್ಸಮ್ಮನ ಮನೆಗೆ ಹೋಗಿ ಬನ್ನಿ" ಎಂಬ ಪಿಸುಮಾತು ಕಿವಿಗೆ ಬಿದ್ದಾಗ ಅವನ ಎದೆ ಉಬ್ಬಿತು. ಬಾಯಿಬಿಡುವಂತಿಲ್ಲ, ಸರಿ. ಆದರೆ ಕಂಕುಳಲ್ಲಿ ಬೈಬಲ್ ಇಟ್ಟುಕೊಂಡು ಮುಖ್ಯ ಬೀದಿ ಸುತ್ತಿ ಹೋಗಬಾರದೆಂದು ಯಾರೂ ಹೇಳಿರಲಿಲ್ಲವಲ್ಲ!

ಒಂದು ಕಾಲಕ್ಕೆ ಆಸ್ಪತ್ರೆಯಲ್ಲಿ ನರ್ಸಾಗಿದ್ದು ಈಗ ಹಾಸಿಗೆ ಹಿಡಿದ ಮುದುಕಿ ಅವನಿಗಾಗಿ ತಯಾರಾಗಿ ಕಾಯುತ್ತಿದ್ದರು. ತಲೆ ಬಾಚಿಸಿಕೊಂಡು, ಇಸ್ತ್ರಿ ಮಾಡಿದ ಬಿಳಿ ಬಟ್ಟೆ ತೊಟ್ಟು, ಎದೆಗೆ ಹಳೆಯ ಕಾಲದ ಪುಟ್ಟ ಗಡಿಯಾರ ಸಿಕ್ಕಿಸಿಕೊಂಡಿರುತ್ತಿದ್ದರು. ತನ್ನ ಕಸುಬಿಗೆ ಕೊಟ್ಟ ಮರ್ಯಾದೆ ಅದು ಎಂದುಕೊಂಡ. "ಊಟ ಆಯ್ತಾ ತಮ್ಮಾ? ರಾತ್ರಿ ನಿದ್ದೆ ಬಂತಾ?" ಎಂದು ಅವರು ಕೆದಕಿ ಕೆದಕಿ ಕೇಳುತ್ತಿದ್ದರು. ಓದುವುದು ಒಂದು ಪುಟ. ಆಮೇಲೆ ಹೆಂಡತಿಯ ವಿಷಯ ತೆಗೆದು ಸಂಜೆಯವರೆಗೂ ಮಾತಾಡುತ್ತಿದ್ದವನು ಅವನೇ.

"ಮಂಗಳವಾರ ಮಾತ್ರ ಅಮ್ಮ ನೋವಿನ ಮಾತ್ರೆ ಮುಟ್ಟಲ್ಲ ಅಣ್ಣಾ" ಎಂದಿದ್ದಳು ಅವರ ಮಗಳು, ಬಾಗಿಲವರೆಗೆ ಬಂದು.

ತನ್ನ ಓದಿಗೆ ನೋವೇ ಓಡಿಹೋಗುತ್ತಿದೆ! ಅವತ್ತು ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆದರೆ ಈ ಸ್ಕೂಟರಿನ ಮಾತು ಮುಳ್ಳಿನಂತೆ ಚುಚ್ಚಿಕೊಂಡಿತು. ಅಂಗಡಿಯಲ್ಲಿ ಭೂತಗನ್ನಡಿ ಕಣ್ಣಿಗಿಟ್ಟು ಕೂತರೂ ಚಕ್ರಗಳ ಬದಲು ತನ್ನ ಬುದ್ಧಿಯೇ ಕಾಣುತ್ತಿತ್ತು. ನಾನು ಹೋಗುತ್ತಿರುವುದು ದೇವರಿಗಾಗಿಯೋ, ಪಾಸ್ಟರ ಕಣ್ಣಿಗೆ ಬೀಳಲೆಂದೋ? ನೋವಲ್ಲಿರುವ ಹೆಂಗಸನ್ನು ಮೆರೆಯಲು ಬಳಸಿಕೊಂಡೆನಲ್ಲ ಎಂದು ನಾಚಿಕೆಯಾಯಿತು. ಮಂಗಳವಾರ ಕೈಬಿಡುವುದು ಸುಲಭವಿರಲಿಲ್ಲ; ವಾರದಲ್ಲಿ ಅವನು ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಅದೊಂದೇ ದಿನ. ಆದರೂ ಕಲ್ಮಶದ ಕೈಯಿಂದ ಸೇವೆ ಬೇಡ ಎಂದು ಗಟ್ಟಿಮನಸ್ಸು ಮಾಡಿದ.

ಭಾನುವಾರ ಎಲ್ಲರೂ ಹೋದ ಮೇಲೆ ಪಾಸ್ಟರ ಮುಂದೆ ನಿಂತ.

"ನಂಗೆ ಕೊಟ್ಟ ಸೇವೆ ವಾಪಸ್ ತಗೊಳ್ಳಿ ಪಾಸ್ಟರೇ. ದೇವರಿಗೋಸ್ಕರ ಮಾಡ್ತಿಲ್ಲ. ನಾಲ್ಕು ಜನ ನೋಡ್ಲಿ ಅಂತ ಮಾಡ್ತಿದೀನಿ."

ಹೇಳಿಬಿಟ್ಟ. ಕಣ್ಣು ತುಂಬಿತ್ತು. ಇಷ್ಟು ನೇರವಾಗಿ ಒಪ್ಪಿಕೊಳ್ಳುವವರು ಈ ಸಭೆಯಲ್ಲಿ ಇನ್ಯಾರಿದ್ದಾರೆ ಎಂಬ ಸಣ್ಣ ಸಂತೋಷವೂ ಒಳಗೆಲ್ಲೋ ಇಣುಕಿತು.

ಪಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸುತ್ತಲೇ ಇದ್ದರು.

"ನಿಮಗೆ ನಾನು ಸೇವೆ ಎಲ್ಲಿ ಕೊಟ್ಟೆನಪ್ಪಾ? ಹೋಗಿ ಬನ್ನಿ ಅಂದೆ, ಅಷ್ಟೇ. ಹಾಸಿಗೆ ಹಿಡಿದವಳಿಗೂ ಒಂದು ಸೇವೆ ಕೊಡಿ ಅಂತ ನರ್ಸಮ್ಮ ನನ್ನ ಕೈ ಹಿಡ್ಕೊಂಡು ಅತ್ತಿದ್ರು. ಅವರ ಕಿವೀಲಿ ನಿಮ್ಮ ಹೆಸರು ಹೇಳಿದ್ದೆ."

ಅವನು ಬೆಂಚಿನ ಮೇಲೆ ಕೂತ.

"ಮಂಗಳವಾರ ಮಾತ್ರೆ ತಗೊಳ್ಳಿ ಅಂದ್ರೂ ಕೇಳಲ್ಲ" ಎಂದರು ಪಾಸ್ಟರು. "ಡ್ಯೂಟೀಲಿ ನಿದ್ದೆ ಬರಬಾರದಂತೆ."