ನೆಲಮಾಳಿಗೆಯ ಟ್ಯಾಂಕು

ಪರದೇಶದ ಆ ಚಳಿಯೂರಿನಲ್ಲಿ ಅವಳು ಒಬ್ಬಳೇ ಇದ್ದಳು. ನೆಲಮಾಳಿಗೆಯಲ್ಲಿ, ಹಿಂದೆ ಮನೆ ಬೆಚ್ಚಗಿಡಲು ಉರಿಸುತ್ತಿದ್ದ ಎಣ್ಣೆಯ ಹಳೇ ಟ್ಯಾಂಕು. ಅದನ್ನು ಖಾಲಿ ಮಾಡಲು ಬಂದ ಆ ಊರಿನವನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಬೆರಗಾಗಿ ಇಂಗ್ಲಿಷಿನಲ್ಲಿ ಕೇಳಿದ.

“ಮೇಡಂ, ಬಾಯಿತನಕ ತುಂಬಿದೆಯಲ್ಲ! ಮನೆಗೆ ಗ್ಯಾಸ್ ಹಾಕಿಸಿ ಎಷ್ಟು ದಿನ ಆಯ್ತು?”

“ಮೂರು ವರ್ಷ. ನಮ್ಮ ಯಜಮಾನ್ರು ತೀರಿಕೊಳ್ಳೋ ಮುಂಚೆ ಅವರೇ ಹಾಕಿಸಿದ್ರು.”

“ಮತ್ತೆ ಈ ಎಣ್ಣೆ?”

“ಲಾರಿಯವನು ತಿಂಗಳಿಗೊಂದು ಸಲ ಬಂದು ಸ್ವಲ್ಪ ಸ್ವಲ್ಪ ತುಂಬಿಸ್ತಿದ್ದ. ಹೋದ ತಿಂಗಳು, ಇನ್ನು ಒಂದು ಲೋಟಕ್ಕೂ ಜಾಗ ಇಲ್ಲ, ನಾನು ಬರೋದಿಲ್ಲ ಅಂದುಬಿಟ್ಟ.”

“ನಿಮಗೆ ಮೋಸ ಮಾಡಿದಾನೆ, ಮೇಡಂ.”

“ಛೆ ಛೆ, ಅವನಿಗೇನು ಗೊತ್ತು? ನಾನೇ ಫೋನ್ ಮಾಡಿ ಕರೀತಿದ್ದೆ.”

ಅವನಿಗೆ ಏನೂ ಅರ್ಥವಾಗಲಿಲ್ಲ. ಎಣ್ಣೆಯನ್ನೆಲ್ಲ ಪಂಪಿನಿಂದ ಹೊರಗೆಳೆದು, ಟ್ಯಾಂಕು ತುಂಡು ಮಾಡಲು ಗರಗಸ ಎತ್ತಿಕೊಂಡ. ಅವಳು ಓಡಿ ಬಂದು ಅಡ್ಡ ನಿಂತಳು.

“ಟ್ಯಾಂಕು ಇರ್ಲಪ್ಪ! ಸೋಮವಾರ ಲಾರಿಯವನು ಬರ್ತಾನೆ. ಯಜಮಾನ್ರು ಕಲಿಸಿದ ಎರಡೇ ಎರಡು ಮಾತು ಕನ್ನಡ ಬರುತ್ತೆ ಅವನಿಗೆ. ಬಾಗಿಲು ತೆಗೆದ ಕೂಡಲೇ ‘ಊಟ ಆಯ್ತಾ?’ ಅಂತಾನೆ.”