ಕೆಂಡಕ್ಕೆ ಬಿದ್ದ ಹರಳು

ಅಂಗಡಿಯ ಬಾಗಿಲಿಗೆ ದೃಷ್ಟಿಗೆಂದು ಕಟ್ಟಿದ ಪಟಿಕದ ಗಡ್ಡೆ ಕಂಡರೆ ನಾನು ಇಂದಿಗೂ ಒಳಗೆ ಕಾಲಿಡದೆ ಮುಂದಿನ ಅಂಗಡಿಗೆ ಹೋಗುತ್ತೇನೆ.

ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯ ಸರಳಾ ಆಂಟಿ, ಪಟಿಕ ಕರಗಿಸಿದ ನೀರಿಗೆ ದಾರ ಇಳಿಬಿಟ್ಟು ಹರಳು ಬೆಳೆಸುವುದನ್ನು ನನಗೆ ಕಲಿಸಿದ್ದರು. ಎರಡು ಪಿರಮಿಡ್ಡುಗಳನ್ನು ಬುಡಕ್ಕೆ ಬುಡ ಅಂಟಿಸಿದಂಥ ಹರಳು ಬಂತು. ಎಂಟು ತ್ರಿಕೋನಗಳು, ಎಂಟೂ ಗಾಜಿನಷ್ಟು ನುಣುಪು.

"ಯಾರೂ ಕೆತ್ತಿಲ್ಲ ನೋಡು. ತಾನ ಅಳತಿ ಹಿಡದು ಬೆಳದೈತಿ," ಎಂದಿದ್ದರು ಆಂಟಿ.

ತಮ್ಮನಿಗೆ ಜ್ವರ ಬಂದ ಮಧ್ಯಾಹ್ನ, ಅಜ್ಜಿ ಆ ಹರಳನ್ನೇ ಅವನಿಗೆ ನಿವಾಳಿಸಿ ಇದ್ದಿಲ ಕೆಂಡಕ್ಕೆ ಹಾಕಿದಳು. ಅದು ಬುಸುಗುಟ್ಟಿ, ಕೀವಿನಂತೆ ನೊರೆಯುಕ್ಕಿ, ಬೆಳ್ಳಗೆ ಉಬ್ಬಿಕೊಂಡಿತು. ಯಾರ ಕಣ್ಣು ತಾಗಿದೆಯೋ ಅವರ ಮುಖ ಅದರಲ್ಲಿ ಮೂಡುತ್ತದೆಂದು ಅಜ್ಜಿ ಚಿಮಟದಿಂದ ಅದನ್ನು ಹೊರಳಿಸಿದಳು.

"ಇಲ್ಲಿ ನೋಡ, ಮೂಗು ಐತಿ, ಬಾಯಿ ಐತಿ. ಆ ಸರಳಾನ ಮಾರೀನ ಇದು! ಮಕ್ಕಳಿಲ್ಲದಾಕಿ, ಕೂಸಿಗೆ ಕಣ್ಣು ಹಾಕ್ಯಾಳ."

ಅಜ್ಜಿ, ಅವ್ವ ಇಬ್ಬರೂ ಅದರ ಮೇಲೆ ಥೂ ಎಂದು ಉಗುಳಿದರು. ನಾನು ಕೈಯಾರೆ ಬೆಳೆಸಿದ ಹರಳು ಜೊಲ್ಲಿನಲ್ಲಿ ಬೇಯುತ್ತಿತ್ತು.

ಅಷ್ಟರಲ್ಲಿ ಆಂಟಿ, ತಮ್ಮನಿಗೆಂದು ಬಿಸಿ ಗಂಜಿ ಹಿಡಿದು ಬಾಗಿಲಿಗೆ ಬಂದರು. ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಬಾರವಾ ಸರಳಾ, ಒಳಗ ಬಾ," ಎಂದು ನಗುತ್ತ ಗಂಜಿ ಇಸಿದುಕೊಂಡಳು. ಕೆಂಡದ ಮೇಲೆ ಉಗುಳು ಇನ್ನೂ ಚುರುಗುಟ್ಟುತ್ತಿತ್ತು.